ಮೂವತ್ತೇಳರ ಎಡಗಾಲು

ನನ್ನ ಹತ್ತಿರ ಒಂದು ಜೀನ್ಸ್ ಪ್ಯಾಂಟಿದೆ. ಅದರ ಎಡಗಾಲು ಸಂಜೆ ಏಳರ ಆಕಾಶದ ನೀಲಿ, ಬಲಗಾಲು ಬೆಳಿಗ್ಗೆ ಏಳರ ಆಕಾಶದ ನೀಲಿ. ನಡುವಿನ ಹನ್ನೆರಡು ಗಂಟೆ ಎಲ್ಲಿ ಹೋದವೋ ಎಂದು ನೋಡಿದವರು ಯೋಚನೆಗೆ ಬೀಳುವಂತಿದೆ. ನೆರಳಿನಲ್ಲಿ ನಿಂತರೆ ಈ ಭೇದ ಕಾಣುವುದಿಲ್ಲ. ಆದರೆ ನಮ್ಮ ಬಳ್ಳಾರಿಯಲ್ಲಿ ಮರಗಳು ನೆರಳನ್ನು ತಮಗಷ್ಟೇ ಸಾಲುವಷ್ಟು ಇಟ್ಟುಕೊಂಡಿರುವುದರಿಂದ, ಮನೆ ಬಿಟ್ಟು ಪಾರ್ವತಿನಗರದ ತಿರುವು ಮುಟ್ಟುವಷ್ಟರಲ್ಲಿ ನನ್ನ ಎರಡು ಕಾಲುಗಳು ಎರಡು ಮನೆತನದವು ಎಂಬುದು ಊರಿಗೆಲ್ಲ ಗೊತ್ತಾಗಿರುತ್ತದೆ.

ಕಾಲೇಜಿನಲ್ಲಿ ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಪಕ್ಕದಲ್ಲಿ ಕೂರುವ ಸುಷ್ಮಾಗೆ ಇದು ದುಬೈಯಿಂದ ಬಂದದ್ದು ಎಂದೆ. ಹಿಂದಿನ ಬೆಂಚಿನವರಿಗೆ ಮುಂಬೈಯಲ್ಲಿ ಈಗ ಒಂದೇ ಬಣ್ಣದ ಕಾಲು ಹಾಕಿದರೆ ನಗುತ್ತಾರೆ ಎಂದೆ. ಕೆಮಿಸ್ಟ್ರಿ ಮೇಡಂಗೆ, ಒಂದು ಕಾಲಿನ ಮೇಲೆ ಮಾತ್ರ ಬಿಸಿಲು ಬೀಳುವಂಥ ಕಿಟಕಿಯ ಪಕ್ಕ ನನ್ನ ಕುರ್ಚಿ ಇದೆ ಎಂದೆ. ಅವರು ಒಂದು ಗಳಿಗೆ ನಂಬಿದರು ಕೂಡ. ನೀವು ನಮ್ಮ ಕಾಲೇಜಿನವರಲ್ಲ, ನನ್ನನ್ನು ನೋಡಿದವರೂ ಅಲ್ಲ. ಆದ್ದರಿಂದ ಹತ್ತಿರ ಬನ್ನಿ, ನಿಮಗೆ ಮಾತ್ರ ನಿಜ ಹೇಳುತ್ತೇನೆ.

ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ನನಗೆ ತೊಂಬತ್ತೇಳು ಬಂದಿತ್ತು. ಈ ಸಂಗತಿ ಮೊದಲೇ ಹೇಳಬೇಕಿತ್ತು, ಪ್ಯಾಂಟಿನ ಮಧ್ಯೆ ಮರೆತೆ. ಫಲಿತಾಂಶ ಬಂದ ದಿನದಿಂದ ನಾನು ಹಾಲಿನವನಿಗೆ 'ಗುಡ್ ಮಾರ್ನಿಂಗ್' ಹೇಳತೊಡಗಿದ್ದೆ, ಬೆಕ್ಕನ್ನು ಇಂಗ್ಲಿಷಿನಲ್ಲೇ ಗದರುತ್ತಿದ್ದೆ, ಅದು ಮೊದಲಿನಂತೆಯೇ ಕೇಳಿಸಿಕೊಳ್ಳುತ್ತಿರಲಿಲ್ಲ. ಅಮ್ಮಿ ನಾಲ್ಕು ದಿನ ತಾಳಿದಳು. ಐದನೆಯ ದಿನ ನನ್ನ ಬಟ್ಟೆಯನ್ನು ಚೀಲಕ್ಕೆ ತುಂಬಿ, "ನಿನ್ನ ಇಂಗ್ಲಿಷ್ ತಗೊಂಡು ಕುರುಗೋಡಿಗೆ ಹೋಗು. ನಿಮ್ಮ ಖಾಲಾಗ ಬೇಕಾಗೈತಿ. ನಮಗ ಇಲ್ಲಿ ಭಾಳ ಆತು" ಎಂದು ಬಸ್ಸು ಹತ್ತಿಸಿದಳು.

ಖಾಲಾ ಎಂದರೆ ಅಮ್ಮಿಯ ತಂಗಿ, ಹಸೀನಾ ಖಾಲಾ. ಹುಟ್ಟಿದ್ದು, ಓದಿದ್ದು ಸಿರುಗುಪ್ಪದಲ್ಲಿ. ಮದುವೆಯಾಗಿ ಬಂದದ್ದು ಕುರುಗೋಡಿಗೆ. ಹತ್ತನೆಯಲ್ಲಿ ಎಲ್ಲ ವಿಷಯಗಳೂ ಅವಳ ಕೈಗೆ ಸಿಕ್ಕಿ, ಇಂಗ್ಲಿಷೊಂದು ಮಾತ್ರ ಜಾರಿಹೋಗಿತ್ತು. ಮದುವೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬರೆದಿದ್ದಳು. ಎರಡು ಸಲವೂ ಜಾರಿತು. ಈಗ ಮೂರನೆಯ ಸಲ. ಅವಳ ಓಣಿಯ ಅಂಗನವಾಡಿಗೆ ಸಹಾಯಕಿ ಬೇಕಾಗಿದ್ದರು, ಹತ್ತನೆಯದು ಪಾಸಾಗಿರಬೇಕಿತ್ತು. ಖಾಲಾಗೆ ಆ ಅಂಗನವಾಡಿಯ ಮೇಲೆ ಆಸೆ. ಬೆಳಿಗ್ಗೆ ಹೊಲಿಗೆ ಯಂತ್ರ ನಿಲ್ಲಿಸಿ, ಆ ಕಡೆಯಿಂದ ಮಕ್ಕಳು ಒಟ್ಟಾಗಿ ಕಿರುಚುವ ಹಾಡನ್ನು ಕೇಳುತ್ತ ಕೂರುತ್ತಿದ್ದಳು. "ಇದೊಂದ್ಸಲ ಬರೀತೀನಿ ಸಮ್ಮು. ಆಗ್ಲಿಲ್ಲಂದ್ರ ಪುಸ್ತಕ ರದ್ದಿಯಂವಂಗ ಹಾಕಿ, ಹೊಲ್ಕೋತ ಇರ್ತೀನಿ. ಓಣ್ಯಾಗ ಯಾರಿಗೂ ಹೇಳಬ್ಯಾಡ" ಎಂದಳು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಹದಿನೈದು ದಿನ ಬಹಳವಾಯಿತು, ನನಗೆ ಎರಡು ಸಾಕು ಎಂದೆ ನಾನು.

ಖಾಲಾಳ ಕೆಲಸ ಜೀನ್ಸಿನ ಕಾಲು ಜೋಡಿಸುವುದು. ಬಳ್ಳಾರಿಯಲ್ಲಿ ಬಟ್ಟೆ ಕತ್ತರಿಸಿ, ಕಾಲುಗಳನ್ನು ಗಂಟು ಕಟ್ಟಿ ಟೆಂಪೋದಲ್ಲಿ ಕಳಿಸುತ್ತಾರೆ. ಖಾಲಾ ಎಡಗಾಲಿಗೆ ಬಲಗಾಲು ಸೇರಿಸಿ ವಾಪಸ್ ಕಳಿಸುತ್ತಾಳೆ. ಅಲ್ಲಿ ಸೊಂಟ, ಗುಂಡಿ, ಒಗೆತ ಎಲ್ಲ ಆಗುತ್ತದೆ. ಗಂಟಿಗೆ ನಲವತ್ತು ಪ್ಯಾಂಟು, ಅಂದರೆ ಎಂಬತ್ತು ಕಾಲು. ಪ್ರತಿ ಕಾಲಿನ ಮೇಲೂ ಉಗುರಿನಗಲದ ಬಿಳಿ ಅಂಟುಚೀಟಿ, ಅದರ ಮೇಲೊಂದು ನಂಬರು. ನನಗೆ ಆ ಚೀಟಿಗಳ ಬಗ್ಗೆ ಯಾವ ಕುತೂಹಲವೂ ಇರಲಿಲ್ಲ. ಎಂಬತ್ತು ಕಾಲುಗಳ ರಾಶಿಯ ಮೇಲೆ ಕೂತರೆ ಸಿಂಹಾಸನದಂತಿರುತ್ತದೆ ಎಂಬುದಷ್ಟೇ ನನ್ನ ಗಮನಕ್ಕೆ ಬಂದದ್ದು.

ಆ ಸಿಂಹಾಸನದಿಂದ ನಾನು ಪಾಠ ಶುರುಮಾಡಿದೆ. ಎದುರಿಗೆ ಯಂತ್ರ ತುಳಿಯುತ್ತ ಖಾಲಾ; ಬಾಗಿಲ ಬಳಿ ಶೇಂಗಾ ಒಡೆಯುತ್ತ ಅವಳ ಅತ್ತೆ, ನನ್ನ ಬಾಯಲ್ಲಿ ದಾದಿ. ಎರಡು ತಿಂಗಳ ಹಿಂದೆ ದಾದಿಯ ಬಲಗಣ್ಣಿನ ಪೊರೆ ತೆಗೆದಿದ್ದರು. ಅಂದಿನಿಂದ ಅವಳದೊಂದೇ ದೂರು: "ಈ ಕಣ್ಣಿಗೆ ಎಲ್ಲಾ ನೀಲಿ ಜಾಸ್ತಿ ಆಗೈತಿ. ಹಾಲು ಸೈತ ನೀಲಿ. ಡಾಕ್ಟರಪ್ಪ ಕಣ್ಣಾಗ ಏನ್ ಸುರುವಿದನೋ ಏನೋ." ಎಡಗಣ್ಣು ಮುಚ್ಚಿ ಆಕಾಶ ನೋಡುವುದು, ಬಲಗಣ್ಣು ಮುಚ್ಚಿ ನೋಡುವುದು, ನಿಟ್ಟುಸಿರು ಬಿಡುವುದು, ಮಧ್ಯಾಹ್ನವೆಲ್ಲ ದಾದಿಯದು ಇದೇ ಕೆಲಸ.

ಪಾಠದ ವಿಷಯ, ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆ. ಖಾಲಾ ಪ್ರತಿ ಸಲವೂ ಜಾರಿದ್ದು ಅಲ್ಲೇ. ಒಬ್ಬ ಹೋದರೆ 'ಹಿ ಗೋಸ್', ಬಹಳ ಜನ ಹೋದರೆ 'ದೇ ಗೋ' ಎಂದೆ.

"ಭಾಳ ಮಂದಿ ಹೋದಾಗ ಎಸ್ಸು ಸೇರಸ್ಬೇಕಲ್ಲೇನು? ಬಾಯ್, ಬಾಯ್ಸ್ ಅಂತ ನೀನ ಹೇಳಿದಿ."

"ಅದು ಹುಡುಗರಿಗೆ ಖಾಲಾ, ಹೋಗೋದಕ್ಕಲ್ಲ."

"ಒಬ್ಬಂವ ಹೋದಾಗ ಹೋಗೋದಕ್ಕ ಎಸ್ಸು, ಭಾಳ ಮಂದಿ ಹೋದಾಗ ಮಂದಿಗೆ ಎಸ್ಸು. ಈ ಎಸ್ಸಿಗೆ ಮನಿ ಮಠ ಇಲ್ಲೇನ್ಲೇ?"

ಇಲ್ಲಿ ನಾನೊಂದು ಉಪಮೆ ಕೊಟ್ಟೆ, ಅದು ನನ್ನ ಸ್ವಂತದ್ದು, ಸುಮ್ಮನೆ ತೊಂಬತ್ತೇಳು ಬರುವುದಿಲ್ಲ. ಸಿರುಗುಪ್ಪದಲ್ಲಿ ಚಿಕ್ಕವರಿದ್ದಾಗ ಅಮ್ಮಿಗೂ ಖಾಲಾಗೂ ಸೇರಿ ಒಂದೇ ಜೊತೆ ಒಳ್ಳೆಯ ಚಪ್ಪಲಿ ಇತ್ತಂತೆ. ಒಬ್ಬಳು ಹಾಕಿಕೊಂಡರೆ ಇನ್ನೊಬ್ಬಳು ಬರಿಗಾಲು. ಇಂಗ್ಲಿಷಿನ ವಾಕ್ಯವೂ ಅಷ್ಟೇ, ಮನೆಗೊಂದೇ ಎಸ್ಸು. ಕರ್ತೃ ಹಾಕಿಕೊಂಡು ಹೋದರೆ ಕ್ರಿಯಾಪದ ಬರಿಗಾಲಲ್ಲಿ ಹಿಂದೆ ನಡೆಯಬೇಕು. ಖಾಲಾ ಯಂತ್ರ ನಿಲ್ಲಿಸಿದಳು. "ನಿಮ್ಮಮ್ಮಿನ ಯಾವಾಗ್ಲೂ ಹಾಕ್ಕೋತಿದ್ಲು" ಎಂದಳು. ಪಾಠ ಹತ್ತಿತೋ, ಹಳೆಯ ಸಿಟ್ಟು ಹತ್ತಿತೋ ತಿಳಿಯಲಿಲ್ಲ.

ಮರುದಿನ, ಅತ್ತೆಯ ಬಗ್ಗೆ ಒಂದು ವಾಕ್ಯ ಹೇಳು ಎಂದರೆ, ಖಾಲಾ ಸೆರಗು ಸರಿಮಾಡಿಕೊಂಡು, "ಮೈ ಮದರ್-ಇನ್-ಲಾ ಆರ್ ಗುಡ್" ಎಂದಳು. ಆರ್ ಅಲ್ಲ, ಈಸ್, ಅವರು ಒಬ್ಬರೇ ಅಲ್ಲವೇ ಎಂದೆ. ಖಾಲಾ ಹೆದರಿದವಳಂತೆ ಬಾಗಿಲ ಕಡೆ ನೋಡಿದಳು. "ಮಾರಿ ಮುಂದ ಹಂಗ ಏಕವಚನದಾಗ ಅನ್ನಾಕ ಬರ್ತೈತೇನ್ಲೇ?"

"ಅನ್ನಲಿ ಬಿಡು," ಎಂದಳು ದಾದಿ, ಶೇಂಗಾದಿಂದ ತಲೆಯೆತ್ತದೆ. "ಗುಡ್ ಅಂದಾಳಲ್ಲ, ಅದ ಮೊದಲನೆ ಸಲ."

ಕುರುಗೋಡಿನ ಮಧ್ಯಾಹ್ನಗಳಿಗೆ ಒಂದು ಗುಣವಿದೆ. ಸುತ್ತಲಿನ ಕಲ್ಲುಗುಡ್ಡಗಳು ಬಿಸಿಲನ್ನು ಕುಡಿದು ಮಂಪರಿಗೆ ಬಿದ್ದು ಊರನ್ನೂ ಜೊತೆಗೆ ಮಲಗಿಸುತ್ತವೆ. ಗುಡಿಯ ಕಡೆಯ ಗಾಳಿ ಅರ್ಧ ದಾರಿ ಬಂದು ಯಾಕೆ ಹೊರಟೆನೆಂದು ಮರೆತು ನಿಲ್ಲುತ್ತದೆ. ಯಂತ್ರದ ಟಕಟಕ ಒಂದೇ ಲಯದಲ್ಲಿ ಸಾಗುತ್ತ ನಿದ್ದೆಯ ಅಂಚಿಗೆ ಹೊಲಿಗೆ ಹಾಕುತ್ತದೆ. ಅಂಥ ಹೊತ್ತಿನಲ್ಲಿ ಆ ನೀಲಿ ರಾಶಿಯ ಮೇಲೆ ಒರಗಿ ನಾನು ನಮ್ಮ ಮಾತಿನ ಬಗ್ಗೆ ಯೋಚಿಸುತ್ತಿದ್ದೆ. ನಮ್ಮ ಕ್ರಿಯಾಪದಗಳಿಗೆಲ್ಲ ಕೊರಳಲ್ಲಿ ಗೆಜ್ಜೆ. ಹೋದಳು, ಹೋದರು, ಹೋಯಿತು, ಹೋದವು. ಹೋದವರು ಗುಡ್ಡದಾಚೆ ಮರೆಯಾದ ಮೇಲೂ ಯಾರು ಹೋದರೆಂದು ಆ ಸದ್ದಿನಿಂದಲೇ ತಿಳಿಯುತ್ತದೆ. ಇಂಗ್ಲಿಷಿನವರದು ಸದ್ದಿಲ್ಲದ ನಡಿಗೆ. ಎಲ್ಲೋ ಒಂದೊಂದು ಕಡೆ ಮಾತ್ರ ಇರುವೆಯಷ್ಟು ಎಸ್ಸಿನ ಗುರುತು. ಹೆಜ್ಜೆಹೆಜ್ಜೆಗೂ ಹೊಂದಿಸಿಕೊಂಡೇ ಮಾತಾಡಿ ಬೆಳೆದ ನಮಗೆ, ಆ ಒಂದು ಇರುವೆ ಯಾಕೆ ಇಷ್ಟು ಕಚ್ಚುತ್ತದೋ. ಹೀಗೆ ಯೋಚಿಸುತ್ತ ನನಗೆ ನಿದ್ದೆ ಬರುತ್ತಿತ್ತು, ಎದ್ದಾಗ ಕೆನ್ನೆ ನೀಲಿಯಾಗಿರುತ್ತಿತ್ತು.

ಪರೀಕ್ಷೆ ಸೋಮವಾರ. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ನನಗೊಂದು ಅದ್ಭುತ ಉಪಾಯ ಹೊಳೆಯಿತು. ಖಾಲಾ ನೀರಿಗೆ ಹೋಗಿದ್ದಳು, ದಾದಿ ಗೊರಕೆ ಹೊಡೆಯುತ್ತಿದ್ದಳು. ಗೋಡೆಯ ತುಂಬ ಇಂಗ್ಲಿಷ್ ಪದಗಳನ್ನು ಅಂಟಿಸಿಬಿಟ್ಟರೆ, ಖಾಲಾ ಎತ್ತ ನೋಡಿದರೂ ವ್ಯಾಕರಣವೇ ಕಾಣುತ್ತದಲ್ಲ? ಅಂಟಿಸಲು ಚೀಟಿ ಬೇಕಿತ್ತು. ನಾನು ಕೂತದ್ದೇ ಎಂಬತ್ತು ಚೀಟಿಗಳ ಮೇಲೆ. ಹೊಸದಾಗಿ ಬಂದಿದ್ದ ಗಂಟನ್ನು ಬಿಚ್ಚಿ ಒಂದೊಂದೇ ಕಾಲಿನಿಂದ ಚೀಟಿ ಕಿತ್ತೆ, ನಂಬರಿನ ಮೇಲೆ ದಪ್ಪ ಪೆನ್ನಿನಿಂದ ಹಿ, ಶಿ, ದೇ, ಗೋಸ್, ಈಸ್, ಆರ್ ಎಂದು ಬರೆದೆ, ಗೋಡೆಗೆ ಒತ್ತಿದೆ. ಕಿತ್ತ ಕಾಲುಗಳನ್ನು ಹಿಂದಕ್ಕೆ ಎಸೆಯುತ್ತ ಬಂದೆ. ಕೊನೆಗೆ ಗೋಡೆ ನಕ್ಷತ್ರ ತುಂಬಿದ ಆಕಾಶದಂತಾಯಿತು. ಹಿಂದಿನ ರಾಶಿ ನನಗೆ ಕಾಣಲಿಲ್ಲ.

ಖಾಲಾ ಕೊಡ ಇಳಿಸಿ ಗೋಡೆ ನೋಡಿದಳು, ಆಮೇಲೆ ರಾಶಿ ನೋಡಿದಳು. ಕೊಡದ ಕಂಠದ ಮೇಲೆ ಕೈ ಹಾಗೆಯೇ ಉಳಿಯಿತು.

"ನಂಬರ್ ಎಲ್ಲಿ ಅದಾವ?"

"ಗಾಳಿಗೆ ಹಾರ್‍ಯಾವ" ಎಂದೆ ನಾನು. ಗೋಡೆಯ ಮೇಲಿನ ಎಂಬತ್ತು ಸಾಕ್ಷಿಗಳೂ ನನ್ನದೇ ಕೈಬರಹದಲ್ಲಿ ನನ್ನನ್ನು ನೋಡುತ್ತಿದ್ದವು.

ಖಾಲಾ ಬೈಯಲಿಲ್ಲ. ಬೈದಿದ್ದರೆ ನಾನು ಎದುರಾಡಿ ಗೆಲ್ಲುತ್ತಿದ್ದೆ. ಅವಳು ನೆಲದ ಮೇಲೆ ಕೂತು ಎರಡು ಕಾಲುಗಳನ್ನು ನನ್ನ ಮುಂದೆ ಹಿಡಿದಳು. ಎರಡೂ ಒಂದೇ ಕಪ್ಪುನೀಲಿ. "ಒಂದ ಥರ ಅದಾವಲ್ಲ? ಇಲ್ಲ. ಬಟ್ಟಿ ಒಂದರ ಮ್ಯಾಲೆ ಒಂದು ಹಾಸಿ ಕತ್ತರಸ್ತಾರ. ಒಂದೊಂದು ಪದರಿಂದು ಒಂದೊಂದು ಬಣ್ಣ. ಈಗ ಕಾಣಂಗಿಲ್ಲ, ಒಗದ ಮ್ಯಾಲೆ ಕಾಣತೈತಿ. ಒಂದು ಕಾಲು ಕಪ್ಪು, ಒಂದು ಬಿಳುಪು ಆಗಿ ಕೂಡತಾವ. ಅದಕ್ಕ ಆ ನಂಬರು. ಒಂದ ಪದರಿನ ಎಡಗಾಲಿಗೆ ಅದ ಪದರಿನ ಬಲಗಾಲು."

ಗಂಟು ಭಾನುವಾರ ಬೆಳಿಗ್ಗೆ ಟೆಂಪೋಕ್ಕೆ ಹೋಗಬೇಕಿತ್ತು. ನಾನು ಗೋಡೆಯ ಚೀಟಿಗಳನ್ನು ಕಿತ್ತು ವಾಪಸ್ ಅಂಟಿಸುತ್ತೇನೆಂದೆ. ಆದರೆ ಯಾವುದನ್ನು ಯಾವುದಕ್ಕೆ? ಬಟ್ಟೆಯಿಂದ ಬಿಟ್ಟುಹೋದ ನಂಬರಿಗೆ ತಾನು ಯಾರದೆಂದು ಗೊತ್ತಿರುವುದಿಲ್ಲ.

"ನಾ ಓದೇನಿ ಖಾಲಾ, ನಾನ ಹೊಂದಸ್ತೀನಿ, ನೀ ಓದ್ಕೋ" ಎಂದೆ.

"ನಿನಗ ಬರ್ತೈತಿ ಅಂತ ನಿನಗ ಗೊತ್ತೈತಿ ಸಮ್ಮು. ನನಗ ಬರ್ತೈತೋ ಇಲ್ಲೋ ಅಂತ ನನಗಿನ್ನಾ ಗೊತ್ತಿಲ್ಲ. ಅದನ್ನ ತಿಳ್ಕೊಳಾಕ ಈ ಎರಡು ದಿನ ಇಟ್ಕೊಂಡಿದ್ದೆ." ಅಷ್ಟೇ ಹೇಳಿ ಎದ್ದು ಅಕ್ಕಿ ತೊಳೆಯಲು ಹೋದಳು. ಆ ರಾತ್ರಿಯ ಅನ್ನ ಯಾವ ರುಚಿ ಇತ್ತೆಂದು ನನಗೆ ನೆನಪಿಲ್ಲ. ನನಗೆ ಅನ್ನ ನೆನಪಿಲ್ಲದಿರುವುದು ಅಪರೂಪ.

ಶನಿವಾರ ಬಿಸಿಲೇರುತ್ತಲೇ ಅಂಗಳದಲ್ಲಿ ಎಂಬತ್ತು ಕಾಲುಗಳನ್ನು ಹಾಸಿದೆವು. ಮೇಲಿನಿಂದ ಯಾರಾದರೂ ನೋಡಿದ್ದರೆ, ನಲವತ್ತು ಜನ ಮಲಗಿ ತಮ್ಮ ಕಾಲುಗಳನ್ನು ಮಾತ್ರ ಬಿಟ್ಟುಹೋಗಿದ್ದಾರೆ ಎಂದುಕೊಳ್ಳುತ್ತಿದ್ದರು. ಖಾಲಾ ಪ್ರತಿ ಕಾಲಿನ ತುದಿಯನ್ನು ನೀರಲ್ಲಿ ಅದ್ದಿ, ಅಂಗೈಯಲ್ಲಿ ತಿಕ್ಕಿ, ಕಣ್ಣು ಸಣ್ಣದು ಮಾಡಿ ನೋಡುತ್ತಿದ್ದಳು. ಒಂದು ಗಂಟೆಯಲ್ಲಿ ಮೂರು ಜೋಡಿ ಸಿಕ್ಕಿತು. ಆಗ ದಾದಿ ಎದ್ದು ಬಂದು, ಎಡಗಣ್ಣು ಮುಚ್ಚಿ, ಅಂಗಳವನ್ನೆಲ್ಲ ಒಮ್ಮೆ ನೋಡಿ, "ಅದು ಇದರದಲ್ಲ. ಅಕಾ ಆ ಮೂಲ್ಯಾಗ ಬಿದ್ದೈತಲ್ಲ, ಅದು ಇದರದು" ಎಂದಳು.

ನಾವು ನಂಬಲಿಲ್ಲ. ನೀರಲ್ಲಿ ಅದ್ದಿ ನೋಡಿದರೆ ಹೌದು. ಇನ್ನೊಂದು ತೋರಿಸಿದಳು, ಅದೂ ಹೌದು. ನಮಗೆ ಒಂದೇ ಕತ್ತಲಾಗಿ ಕಾಣುತ್ತಿದ್ದ ಅಂಗಳದಲ್ಲಿ, ಪೊರೆ ತೆಗೆದ ಆ ಕಣ್ಣಿಗೆ ನಲವತ್ತು ನೀಲಿಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು! ಎರಡು ತಿಂಗಳಿಂದ ಯಾರೂ ಕೇಳಿಸಿಕೊಳ್ಳದ ದೂರಿಗೆ ಅಂದು ಉದ್ಯೋಗ ಸಿಕ್ಕಿತು. ದಾದಿಗೆ ನಾನು ಕುರ್ಚಿ ಹಾಕಿದೆ, ಕೊಡೆ ಹಿಡಿದೆ. ಅವಳು ಕೋಲಿನಿಂದ ತೋರಿಸುತ್ತ ಹೋದಳು, ಮಧ್ಯೆ ಮಧ್ಯೆ ಡಾಕ್ಟರಪ್ಪನನ್ನು ಹೊಗಳಿದಳು.

ಹತ್ತು ಜೋಡಿಯಾದ ಮೇಲೆ ಖಾಲಾ, ತಲೆಯೆತ್ತದೆ, "ಕೊಡೆ ಬಿಟ್ಟು ಪುಸ್ತಕ ತಗಿ. ನೀ ಕೇಳು, ನಾ ಹೇಳ್ತೀನಿ. ಕೈಗೆ ಕೆಲಸ ಐತಿ, ಬಾಯಿಗಿಲ್ಲಲ್ಲ" ಎಂದಳು. ನಾನು ಸಿಂಹಾಸನವಿಲ್ಲದೆ ಬಿಸಿನೆಲದ ಮೇಲೆ ಕೂತು ಪ್ರಶ್ನೆ ಓದತೊಡಗಿದೆ. ಖಾಲಾ ಒಂದು ಕಾಲನ್ನು ಕೈಗೆತ್ತಿಕೊಂಡು, ಅದನ್ನು ಕಣ್ಣಲ್ಲಿ ಇಟ್ಟುಕೊಂಡು, ಅಂಗಳವೆಲ್ಲ ದಾಟಿ ಅದರ ಜೊತೆಗಾರನನ್ನು ಹುಡುಕುವ ರೀತಿಯಲ್ಲೇ, ವಾಕ್ಯದ ಮೊದಲ ಪದವನ್ನು ಬಾಯಲ್ಲಿ ಹಿಡಿದುಕೊಂಡು ಕ್ರಿಯಾಪದದವರೆಗೆ ನಿಧಾನವಾಗಿ ಹೋಗುತ್ತಿದ್ದಳು. 'ದ ಬಾಕ್ಸ್ ಆಫ್ ಬಟನ್ಸ್' ಎಂದು ಓದಿ, ಮುಂದೆ ಈಸ್ ಬರುತ್ತದೋ ಆರ್ ಬರುತ್ತದೋ ಎಂದು ಕೇಳಿದೆ.

"ಈಸ್."

"ಗುಂಡಿ ಭಾಳ ಅದಾವಲ್ಲ ಖಾಲಾ?"

"ಇರ್ಲಿ. ಮಾತು ಡಬ್ಬಿದು. ಗುಂಡಿ ಅದರಾಗ ಸುಮ್ನ ಕುಂತಾವ."

ಈಗ ನಿಮ್ಮ ಕಿವಿಗೆ ಮಾತ್ರ ಒಂದು ಗುಟ್ಟು. ನನ್ನ ತೊಂಬತ್ತೇಳರಲ್ಲಿ ಇಲ್ಲವಾದ ಮೂರರಲ್ಲಿ ಒಂದು ಇಂಥದೇ ಡಬ್ಬಿಗೆ ಹೋಗಿತ್ತು. ನಾನು ಹತ್ತಿರದ ಗುಂಡಿಗಳನ್ನು ನೋಡಿ ಬರೆದುಬಿಟ್ಟಿದ್ದೆ. ಅಷ್ಟು ದಿನ ಖಾಲಾಗೆ ನಾನು ಕಲಿಸಿದ್ದು, ಎಸ್ಸು ಎಲ್ಲಿದೆ ನೋಡು ಎಂಬುದನ್ನು. ಅವಳು ಆ ಅಂಗಳದಲ್ಲಿ ನೋಡುತ್ತಿದ್ದುದು, ಇದು ಯಾರದು ಎಂಬುದನ್ನು. ಹತ್ತಿರ ಇದ್ದವರೆಲ್ಲ ನಮ್ಮವರಲ್ಲ, ದೂರ ಬಿದ್ದವರೆಲ್ಲ ಪರರಲ್ಲ. ಎಷ್ಟೋ ಸಲ ನಾನು ಮಾತಾಡುವಾಗ ನನ್ನ ಮಾತಿಗೆ ನಾನೇ ಹೊಂದುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಹೊಂದುವಂತೆ ಹೇಳಿಬಿಡುತ್ತೇನೆ ಎಂದು ಅಂದು ಆ ಬಿಸಿಲಿನಲ್ಲಿ ಅನ್ನಿಸಿತು. ಬಿಸಿಲು ನೆತ್ತಿಗೆ ಹತ್ತಿರಬಹುದು.

ಸಂಜೆಯ ಹೊತ್ತಿಗೆ ಮೂವತ್ತೆಂಟು ಜೋಡಿಯಾಗಿ ನಾಲ್ಕು ಕಾಲು ಉಳಿದವು. ಬೆಳಕು ಕೆಂಪಾದಾಗ ದಾದಿಯ ಕಣ್ಣೂ ಕೈಬಿಟ್ಟಿತು. ಖಾಲಾ ಆ ನಾಲ್ಕನ್ನೂ ಬಹಳ ಹೊತ್ತು ಮಡಿಲಲ್ಲಿ ಇಟ್ಟುಕೊಂಡು, ಕೊನೆಗೆ ಮನಸ್ಸಿಗೆ ಬಂದಂತೆ ಎರಡು ಜೋಡಿ ಮಾಡಿದಳು. ಭಾನುವಾರ ಬೆಳಗಾಗುವುದಕ್ಕೆ ಎದ್ದು ಎಲ್ಲ ಹೊಲಿದು ಟೆಂಪೋಕ್ಕೆ ಕೊಟ್ಟಳು. ಆ ನಾಲ್ಕು ಕಾಲುಗಳ ಎರಡು ಪ್ಯಾಂಟಿಗೆ ಮಾತ್ರ ಹೊಲಿದ ಸರದಿಯಂತೆ ಸೀಮೆಸುಣ್ಣದಿಂದ ಮೂವತ್ತೇಳು, ಮೂವತ್ತೆಂಟು ಎಂದು ಬರೆದು, 'ಇವೆರಡು ಅನುಮಾನ' ಎಂದು ಚೀಟಿ ಇಟ್ಟಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಒಗೆಯುವ ತನಕ. ನಾನಾಗಿದ್ದರೆ ಬರೆಯುತ್ತಿರಲಿಲ್ಲ.

ಸೋಮವಾರ ಸಿರುಗುಪ್ಪಕ್ಕೆ ಹೋದೆವು. ಓದಿದ ಶಾಲೆಯ ಊರಲ್ಲೇ ಪರೀಕ್ಷೆ. ಬಸ್ಸಿನ ಕಿಟಕಿಯಾಚೆ ಕಾಲುವೆ ನೀರು ಕುಡಿದ ಗದ್ದೆಗಳು, ಅವುಗಳೊಳಗೆ ತಲೆಕೆಳಗಾದ ಆಕಾಶ, ಆ ಆಕಾಶದಲ್ಲಿ ಒಂಟಿಕಾಲಲ್ಲಿ ನಿಂತ ಬೆಳ್ಳಕ್ಕಿಗಳು. ಖಾಲಾ ಪುಸ್ತಕ ತೆರೆಯಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಓದುತ್ತಿದ್ದಳೋ ದುವಾ ಮಾಡುತ್ತಿದ್ದಳೋ. ಮೂರು ಗಂಟೆ ನಾನು ಶಾಲೆಯ ಎದುರಿನ ಬೇವಿನ ಮರದಡಿ ಕೂತಿದ್ದೆ. ಜೀವನದಲ್ಲಿ ಮೊದಲ ಸಲ, ಬೇರೆಯವರ ಪರೀಕ್ಷೆಗೆ ನಾನು ಗಂಟೆ ಎಣಿಸಿದೆ.

ಹೊರಗೆ ಬಂದ ಖಾಲಾ ಮೊದಲು ತನ್ನ ಕೈ ತೋರಿಸಿದಳು. ಹತ್ತು ಬೆರಳೂ ನೀಲಿ. "ಮೇಡಂ ಹಿಡ್ಕೊಂಡ್ರು ನೋಡು. ಕೈ ಮ್ಯಾಲೆ ಉತ್ತರ ಬರಕೊಂಡು ಬಂದು ಅಳಿಸೀರೇನು ಅಂದ್ರು."

ಅದೂ ನನ್ನಿಂದಲೇ. "ಏನಂದಿ ಖಾಲಾ?"

"ಜೀನ್ಸ್ ಬಣ್ಣ ಮೇಡಂ, ಬೇಕಾದ್ರ ಇನ್ನೊಂದ್ಸಲ ತೊಳದು ತೋರಸ್ತೀನಿ ಅಂದೆ. ತೊಳಸಿದ್ರು. ಹೋಗ್ಲಿಲ್ಲ. ಆಮ್ಯಾಲೆ ತಮ್ಮ ಕರ್ಚೀಪ ಕೊಟ್ರು, ಕೈ ಒರಸ್ಕೊಳಾಕ." ಸ್ವಲ್ಪ ದೂರ ನಡೆದ ಮೇಲೆ ಅಂದಳು: "ಡಬ್ಬಿ ಬಂದಿದ್ದಿಲ್ಲ. ಹಣ್ಣಿನ ಬುಟ್ಟಿ ಬಂದಿತ್ತು. ಅದ ಡಬ್ಬಿ ಅಂತ ತಿಳ್ಕೊಂಡು ಬರದೆ."

ಫಲಿತಾಂಶದ ದಿನ ನಾನು ಬಳ್ಳಾರಿಯಲ್ಲಿದ್ದೆ. ಖಾಲಾ ಫೋನ್ ಮಾಡಿ, ಐವತ್ತೆರಡು ಎಂದಳು. ಆ ಕಡೆ ದಾದಿ, "ನನ್ನ ಕಣ್ಣಿಂದ ಪಾಸಾದ್ಲು ಅಂತ ಹೇಳು" ಎಂದು ಕೂಗುವುದು ಕೇಳಿಸಿತು. ಅದೇ ವಾರ ಟೆಂಪೋದಲ್ಲಿ ಎರಡು ಪ್ಯಾಂಟು ಖಾಲಾಳ ಮನೆಗೆ ವಾಪಸ್ ಬಂದವು. ಮೂವತ್ತೇಳರ ಎಡಗಾಲು ಮೂವತ್ತೆಂಟರ ಬಲಗಾಲಿಗೆ, ಮೂವತ್ತೆಂಟರ ಎಡಗಾಲು ಮೂವತ್ತೇಳರ ಬಲಗಾಲಿಗೆ ಕೂಡಬೇಕಿತ್ತು. ಮೊದಲೇ ಚೀಟಿ ಇಟ್ಟು ಹೇಳಿದ್ದರಿಂದ ಬಳ್ಳಾರಿಯ ಮೇಸ್ತ್ರಿ ನಕ್ಕು, ಮನೆಯಲ್ಲೇ ಹಾಕಿಕೊಳ್ಳಿ ಎಂದು ಕಳಿಸಿದ್ದ. ಮೂವತ್ತೇಳು ನನಗೆ ಬಂತು. ಇನ್ನೊಂದನ್ನು ಖಾಲಾ ಕತ್ತರಿಸಿ, ಎರಡು ಬಣ್ಣದ ಒಂದು ಚೀಲ ಹೊಲಿದುಕೊಂಡಳು.

ಮೊನ್ನೆ ಆ ಚೀಲದಲ್ಲಿ ಅಂಕಪಟ್ಟಿ, ಅರ್ಜಿ ಇಟ್ಟುಕೊಂಡು ಖಾಲಾ ಬಳ್ಳಾರಿಗೆ ಬಂದಿದ್ದಳು. ಅರ್ಜಿ ಕೊಡಲು ಸಿಟಿ ಬಸ್ಸಿನಲ್ಲಿ ಜೊತೆಗೆ ಹೋದೆ. ಅಂಗನವಾಡಿಯವರು ಕರೆಯುತ್ತಾರೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಖಾಲಾ ನನ್ನ ಎಡಕ್ಕೆ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸು ತಿರುವಿನಲ್ಲಿ ವಾಲಿದಾಗ ಕಿಟಕಿಯ ಬಿಸಿಲು ನಮ್ಮಿಬ್ಬರ ಮೇಲೆ ಬಿತ್ತು. ನನ್ನ ಎಡಗಾಲಿನ ಸಂಜೆ ಅವಳ ಚೀಲದ ಸಂಜೆಗೆ ತಾಗಿತು. ಎಲ್ಲಿ ನನ್ನ ಕಾಲು ಮುಗಿಯಿತು, ಎಲ್ಲಿ ಅವಳ ಚೀಲ ಶುರುವಾಯಿತು ಎಂದು ಗೆರೆ ಎಳೆಯಲು ದಾದಿಯ ಬಲಗಣ್ಣಿಗೂ ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಸುಷ್ಮಾ ಹತ್ತಿದಳು. ನನ್ನ ಕಾಲು ನೋಡಿದಳು, ಚೀಲ ನೋಡಿದಳು, ಮತ್ತೆ ಕಾಲು ನೋಡಿದಳು.

"ಏನ್ಲೇ, ದುಬೈಯಾಗ ಚೀಲನೂ ಮಾರ್ತಾರೇನು?"

ಖಾಲಾ ನನ್ನ ಕಡೆ ತಿರುಗಿದಳು. ದುಬೈಯ ಕಥೆ ಅವಳಿಗೆ ಗೊತ್ತಿರಲಿಲ್ಲ. ನನ್ನ ನಾಲಿಗೆಯ ತುದಿಯಲ್ಲಿ ಇನ್ನೊಂದು ಕಥೆ ಸಿದ್ಧವಾಗಿತ್ತು, ಒಳ್ಳೆಯದೇ ಇತ್ತು. ಅದರಲ್ಲಿ ಒಂದು ವಿಮಾನ ಕೂಡ ಬರುತ್ತಿತ್ತು.

"ನಮ್ಮ ಖಾಲಾ ಹೊಲಿದಿದ್ದು," ಎಂದೆ. "ಕುರುಗೋಡಾಗ. ಬಣ್ಣ ಕಲಸಿದ್ದು ನಾನು."

ಸುಷ್ಮಾ ನಂಬಲಿಲ್ಲ. ನಾನು ಇಷ್ಟು ಚಿಕ್ಕ ಉತ್ತರ ಕೊಟ್ಟದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಖಾಲಾ ಚೀಲವನ್ನು ಒಂದು ಬೆರಳಿನಷ್ಟು ನನ್ನ ಕಡೆಗೆ ಸರಿಸಿದಳು.